ನಾಯಿ ಹೋಗಿ ಮೂರು ವಾರ ಆದರೂ ಅಳು ನಿಲ್ಲುತ್ತಿಲ್ಲ ಅಂತ ಕೇಳಿದವರಿಗೆ

ಮೊದಲು ನಿಮ್ಮ ನಾಯಿಯ ಕೊನೆಯ ಉಸಿರಿನ ವಿಷಯ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಕೊಡಗಿನ ಗೋಣಿಕೊಪ್ಪದ ಮನೆ, 11 ವರ್ಷದ ಲ್ಯಾಬ್ರಡಾರ್, ಹೆಸರು ಬ್ರೂನೋ. ಕಿಡ್ನಿ ಹೋಗಿತ್ತು, ಇನ್ನು ಆಗಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ ನೋವಿಲ್ಲದೆ ಜೀವ ಹೋಗುವ ಇಂಜೆಕ್ಷನ್ ಕೊಡಿಸಿದಿರಿ. ಮೂರು ವಾರ ಆಯ್ತು, ಅಳು ನಿಂತಿಲ್ಲ. ಮನೆಗೆ ಬಂದವರೆಲ್ಲ "ನಾಯಿ ತಾನೇ, ಇನ್ನೊಂದು ತನ್ನಿ" ಅನ್ನುತ್ತಾರೆ. ಅಜ್ಜ ತೀರಿಕೊಂಡಾಗಲೂ ಇಷ್ಟು ಅತ್ತಿರಲಿಲ್ಲ, ನನಗೆ ತಲೆ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಆದರೆ ನಡುವೆ ಒಂದು ಸಾಲು ಬರೆದಿದ್ದೀರಲ್ಲ, ಇಂಜೆಕ್ಷನ್ ಆದಮೇಲೆ ಅವನು ಎರಡು ಸಲ ಜೋರಾಗಿ ಉಸಿರು ಎಳೆದ, ಕಣ್ಣೂ ಮುಚ್ಚಲಿಲ್ಲ, ಒದ್ದಾಡಿಬಿಟ್ಟನೇನೋ ಅಂತ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಅದೇ ಅಂತ ನನಗೆ ಅನ್ನಿಸಿತು.

ಅದು ಒದ್ದಾಟ ಅಲ್ಲ. ಹೀಗೆ ಕೊಡುವ ಔಷಧಿ ಆಪರೇಷನ್‌ಗೆ ಕೊಡುವ ಅರಿವಳಿಕೆಯ ಜಾತಿಯದ್ದೇ, ಪ್ರಮಾಣ ಮಾತ್ರ ತುಂಬಾ ಜಾಸ್ತಿ. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು, ಆಮೇಲೆ ಎದೆಬಡಿತ. ಪ್ರಜ್ಞೆ ಹೋದಮೇಲೂ, ಕೆಲವು ಸಲ ಎದೆಬಡಿತ ನಿಂತ ಮೇಲೂ, ಮೈ ತಾನಾಗಿ ಒಂದೆರಡು ಸಲ ಉಸಿರು ಎಳೆಯುವುದುಂಟು, ಕಾಲು ಅದುರುವುದುಂಟು, ಮೂತ್ರ ಹೋಗುವುದುಂಟು. ಆ ಹೊತ್ತಿಗೆ ನೋವು ತಿಳಿಯುವ ಮೆದುಳಿನ ಭಾಗ ಕೆಲಸ ನಿಲ್ಲಿಸಿರುತ್ತದೆ. ಕಣ್ಣು ಮುಚ್ಚಬೇಕಾದರೆ ರೆಪ್ಪೆಯ ಸ್ನಾಯು ಕೆಲಸ ಮಾಡಬೇಕು, ಮೈ ಪೂರ್ತಿ ಸಡಿಲ ಆದಾಗ ಅದು ತೆರೆದೇ ಇರುತ್ತದೆ. ಡಾಕ್ಟರುಗಳಿಗೆ ಇದು ದಿನಾ ನೋಡಿ ಗೊತ್ತು, ಆದರೆ ಇಂಜೆಕ್ಷನ್‌ಗೆ ಮುಂಚೆ ಮನೆಯವರನ್ನು ಕೂರಿಸಿಕೊಂಡು ಎರಡು ಮಾತು ಹೇಳುವವರು ಕಡಿಮೆ, ಹೇಳಿದ್ದರೆ ನೀವು ಮೂರು ವಾರ ಹೀಗೆ ಒದ್ದಾಡಬೇಕಾಗಿರಲಿಲ್ಲ. ಬೇಕಿದ್ದರೆ ಅದೇ ಡಾಕ್ಟರಿಗೆ ಫೋನ್ ಮಾಡಿ ನೇರವಾಗಿ ಕೇಳಿ. ಮೂರು ವಾರ ಆದಮೇಲೆ ಕೇಳುವುದಾ ಅಂತ ಸಂಕೋಚ ಬೇಡ, ಹೀಗೆ ಕೇಳುವವರಲ್ಲಿ ನೀವೇನೂ ಮೊದಲನೆಯವರಲ್ಲ.

ಇನ್ನೊಂದು, ಮೊದಲೇ ಗೊತ್ತಾಗಬೇಕಿತ್ತು ಅಂತ ಬರೆದಿದ್ದೀರಿ. ಹೇಗೆ ಗೊತ್ತಾಗುತ್ತದೆ ಹೇಳಿ? ನಾಯಿಯ ಎರಡೂ ಕಿಡ್ನಿ ಸೇರಿ ಸುಮಾರು 75 ಪರ್ಸೆಂಟ್ ಕೆಲಸ ಕಳೆದುಕೊಳ್ಳುವವರೆಗೆ ರಕ್ತದ ಮಾಮೂಲಿ ಕ್ರಿಯಾಟಿನಿನ್ ಟೆಸ್ಟಿನಲ್ಲೂ ಅದು ಸರಿಯಾಗಿ ಕಾಣುವುದಿಲ್ಲ. ನೀರು ಜಾಸ್ತಿ ಕುಡಿಯುತ್ತದೆ, ಮೂತ್ರ ಜಾಸ್ತಿ ಮಾಡುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಯಾವ ನಾಯಿ ನೀರು ಕುಡಿಯಲ್ಲ? ಅದು ವಾಂತಿ ಮಾಡಿ ಊಟ ಬಿಡುವ ಹೊತ್ತಿಗೆ ಉಳಿದಿರುವುದೇ ಸ್ವಲ್ಪ. ಅದರಲ್ಲೂ ಲ್ಯಾಬ್ರಡಾರ್ ಅಂದರೆ ಸಾಯುವ ಹಿಂದಿನ ವಾರದವರೆಗೂ ತಟ್ಟೆ ನೆಕ್ಕುವ ಜಾತಿ, ಅದರ ಹಸಿವು ನೋಡಿ ಆರೋಗ್ಯ ಅಳೆಯಲಿಕ್ಕೆ ಆಗಲ್ಲ. ಡ್ರಿಪ್ ಹಾಕಿಸಿದ್ದೀರಿ, ಎರಡನೇ ಡಾಕ್ಟರ್ ಹತ್ತಿರವೂ ತೋರಿಸಿದ್ದೀರಿ. ಲ್ಯಾಬ್ರಡಾರ್‌ಗಳ ಆಯಸ್ಸು ಸಾಮಾನ್ಯವಾಗಿ 10ರಿಂದ 12 ವರ್ಷ. ಬ್ರೂನೋ ತನ್ನ ಪಾಲಿನದ್ದು ಬಾಳಿಯೇ ಹೋಗಿದ್ದಾನೆ.

ಸರಿ, ಈಗ ಜನರ ಮಾತು.

ನಮ್ಮದು ಮಾದಾಪುರದ ಹತ್ತಿರ, ಸಣ್ಣ ಕಾಫಿ ತೋಟ. 2018ರ ಆಗಸ್ಟ್ ನಿಮಗೆ ನೆನಪಿರುತ್ತದೆ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆ ಗುಡ್ಡ ಜರಿದು ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಬಂದರು. ಪರಿಹಾರ ಕೇಂದ್ರಕ್ಕೆ ಅಕ್ಕಿ, ಕಂಬಳಿ ಕೊಡಲು ಹೋದಾಗ ಅಲ್ಲೊಬ್ಬರು ಹಿರಿಯರಿದ್ದರು. ಅವರ ತೋಟದ ಮುಕ್ಕಾಲು ಪಾಲು ಮಣ್ಣಿನ ಜೊತೆ ಹೊಳೆಗೆ ಹೋಗಿತ್ತು. ಬಂದವರನ್ನೆಲ್ಲ ಹಿಡಿದು ಅವರು ಕೇಳುತ್ತಿದ್ದದ್ದು ಒಂದೇ, "ಆ ಕಡೆಯಿಂದ ಬಂದ್ರಾ, ಒಂದು ಕಪ್ಪು ನಾಯಿ ಏನಾದ್ರೂ ಕಂಡಿರಾ, ಬಾಲದ ತುದಿ ಬಿಳಿ." ಹೊರಡುವಾಗ ಚೈನ್ ಬಿಚ್ಚಿ ಬಿಟ್ಟು ಬಂದಿದ್ದರಂತೆ, ಜೀಪಿನಲ್ಲಿ ಜಾಗ ಇರಲಿಲ್ಲ. ಅಲ್ಲಿ ಇನ್ನೂರು ಜನ ಇದ್ದಿರಬಹುದು, ಎಲ್ಲರೂ ಏನಾದರೊಂದು ಕಳೆದುಕೊಂಡವರೇ. ಒಬ್ಬರೂ ಆ ಮನುಷ್ಯನಿಗೆ "ನಾಯಿ ತಾನೇ" ಅನ್ನಲಿಲ್ಲ. ನಿಮ್ಮ ಮನೆಗೆ ಬಂದು ಕಾಫಿ ಕುಡಿದು ಹೀಗೆ ಹೇಳಿ ಹೋಗುವವರು ಕೆಟ್ಟವರೇನಲ್ಲ, ಅವರಿಗೆ ಆ ಹೊತ್ತಿಗೆ ಏನು ಮಾತಾಡಬೇಕು ಅಂತ ಗೊತ್ತಾಗುವುದಿಲ್ಲ ಅಷ್ಟೇ. ಅವರಿಗೆ ತಿಳಿಸಿ ಹೇಳುವ ಗೋಜಿಗೆ ಹೋಗಬೇಡಿ, ಸುಮ್ನೆ ಸುಸ್ತು. ಬ್ರೂನೋನನ್ನು ಹತ್ತಿರದಿಂದ ಬಲ್ಲವರು ಇಬ್ಬರೋ ಮೂವರೋ ಇರುತ್ತಾರಲ್ಲ, ಹಾಲಿನವರು, ಪಕ್ಕದ ಮನೆಯ ಹುಡುಗ, ಯಾರೋ ಒಬ್ಬರು, ಅವರ ಜೊತೆ ಮಾತಾಡಿ.

ತಲೆ ಕೆಟ್ಟಿದೆಯಾ ಅಂದಿರಲ್ಲ, ಹಾಗಾದರೆ ನಮ್ಮ ಕನ್ನಡದವರಿಗೆ ಸಾವಿರ ವರ್ಷದ ಹಿಂದೆಯೇ ಕೆಟ್ಟಿತ್ತು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲೊಂದಿದೆ, ಕಾಲ ಸುಮಾರು 949-50. ಗಂಗರ ದೊರೆ ಬೂತುಗನ ಕೈಕೆಳಗಿದ್ದ ಮಣಲೇರ ಅನ್ನುವ ವೀರ ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಹೋರಾಡುತ್ತಾನೆ, ಒಡೆಯ ಮೆಚ್ಚಿ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಊರಲ್ಲ, ಚಿನ್ನ ಅಲ್ಲ, ನಾಯಿ! ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸಾಯುತ್ತವೆ. ಅದಕ್ಕೆ ಕಲ್ಲು ನಿಲ್ಲಿಸಿ, ಜಮೀನು ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದ್ದಾರೆ. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪೂಜಾರಿಗೆ ಪಾಪ ಅಂತಲೂ ಬರೆಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ನಾಯಿ ಮತ್ತು ಹಂದಿ ಎದುರುಬದುರಾಗಿ ಕೆತ್ತಿದ ಚಿತ್ರ ಅದರಲ್ಲೇ ಇದೆ. ಬೆಂಗಳೂರಿಗೆ ಹೋದಾಗ ನೋಡಿ ಬನ್ನಿ. ನಿಮಗೆ ಬುದ್ಧಿ ಹೇಳಿದ ನೆಂಟರನ್ನೂ ಕರೆದುಕೊಂಡು ಹೋಗಿ ಬೇಕಾದರೆ.

ಅಜ್ಜನ ವಿಷಯ. ಅಜ್ಜ ಹೋದಾಗ ಮನೆ ತುಂಬಾ ಜನ ಇದ್ದರು ಅಲ್ವಾ? ಯಾರಿಗೆ ಫೋನ್ ಮಾಡಬೇಕು, ಯಾವತ್ತು ಏನು ಕಾರ್ಯ, ಯಾರು ಅಡುಗೆಗೆ, ಎಲ್ಲ ಹಿರಿಯರೇ ಹೇಳಿದರು. ಆಫೀಸಿಗೆ ರಜೆ ಕೇಳಿದರೆ ಯಾರೂ ಪ್ರಶ್ನೆ ಮಾಡಲಿಲ್ಲ. ತಿಥಿಯ ದಿನ ಎಲ್ಲರೂ ಕೂತು ಅಜ್ಜನ ಕತೆ ಹೇಳಿ ನಕ್ಕಿದ್ದೂ ಇರಬಹುದು. ಬ್ರೂನೋ ಹೋದ ಮಾರನೇ ದಿನ ನೀವು ಕೆಲಸಕ್ಕೆ ಹೋದಿರಿ. ಆ ದುಃಖಕ್ಕೆ ಒಂದು ದಿನವೂ ಸಿಗಲಿಲ್ಲ, ಹಾಗಾಗಿ ಈಗ ಬಿಡಿಬಿಡಿಯಾಗಿ, ಬಸ್ಸಿನಲ್ಲಿ, ಬಾತ್‌ರೂಮಿನಲ್ಲಿ ಬರುತ್ತಿದೆ. ಅಜ್ಜನ ಮೇಲೆ ಪ್ರೀತಿ ಕಡಿಮೆ ಇತ್ತು ಅಂತ ಅದರಿಂದ ಲೆಕ್ಕ ಹಾಕಬೇಡಿ.

ಇನ್ನೊಂದು ಗಮನಿಸಿ ನೋಡಿ, ಅಳು ಯಾವ ಹೊತ್ತಿಗೆ ಬರುತ್ತದೆ ಅಂತ. ನನ್ನ ಅಂದಾಜು, ಬ್ರೂನೋಗೆ ಏನಾದರೂ ಮಾಡುತ್ತಿದ್ದ ಹೊತ್ತಿಗೇ. ಬೆಳಿಗ್ಗೆ ಹಿಂಬಾಗಿಲು ತೆಗೆಯುವಾಗ, ಊಟ ಆದಮೇಲೆ, ಸಂಜೆ ಗೇಟಿನ ಚಿಲಕ ಸದ್ದಾದಾಗ. ನಾಯಿ ಸಾಕಿದ ಮನೆಯಲ್ಲಿ ದಿನವನ್ನು ಭಾಗ ಮಾಡುವುದು ಗಡಿಯಾರ ಅಲ್ಲ, ನಾಯಿ. ಅದು ಹೋದಮೇಲೆ ಆ ಹೊತ್ತುಗಳು ಬರುತ್ತಲೇ ಇರುತ್ತವೆ, ಮಾಡಲು ಕೆಲಸ ಇರುವುದಿಲ್ಲ, ಕೈ ಸುಮ್ನೆ ಖಾಲಿ. ನನಗೆ ಅನ್ನಿಸುವುದು, ನೆನಪಿಗಿಂತ ಜಾಸ್ತಿ ಸುಡುವುದು ಇದೇ.

ನಮ್ಮ ಕೆಂಚ ನಾಟಿ ನಾಯಿ, ಹೆಸರಿಗೆ ತಕ್ಕ ಹಾಗೆ ಕೆಂಪು ಬಣ್ಣ, ಒಂದು ಕಿವಿ ಯಾವಾಗಲೂ ಮಡಚಿಕೊಂಡೇ ಇರುತ್ತಿತ್ತು. ಕಾಫಿ ಕೊಯ್ಲಿನ ಸಮಯದಲ್ಲಿ ಕಣದಲ್ಲಿ ಹರಡಿದ ಕಾಫಿಯ ಪಕ್ಕದಲ್ಲೇ ಬಿಸಿ ಸಿಮೆಂಟಿಗೆ ಹೊಟ್ಟೆ ಒತ್ತಿ ಮಲಗುತ್ತಿದ್ದ, ಕೋಳಿ ಕಣಕ್ಕೆ ಕಾಲಿಟ್ಟರೆ ಮಲಗಿದಲ್ಲಿಂದಲೇ ಒಂದು ಸಲ ಗುರ್ ಅನ್ನುವುದು, ಏಳುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ರಾತ್ರಿ ಅವನೇ ಯಜಮಾನ. ಅವನು ಬೊಗಳುವುದರಲ್ಲೇ ಹೊರಗೆ ಏನು ಬಂದಿದೆ ಅಂತ ಮಲಗಿದಲ್ಲೇ ನಮಗೆ ಗೊತ್ತಾಗುತ್ತಿತ್ತು. ಮನುಷ್ಯರಾದರೆ ಗೇಟಿನವರೆಗೆ ಓಡಿ ಬೊಗಳುತ್ತಿದ್ದ. ಹಂದಿಯಾದರೆ ಸೀದಾ ತೋಟದೊಳಗೆ, ಸದ್ದು ದೂರ ದೂರ ಹೋಗುತ್ತಿತ್ತು. ಆನೆ ಬಂದರೆ ಜಗಲಿ ಇಳಿಯುತ್ತಿರಲಿಲ್ಲ, ಬಾಗಿಲಿಗೆ ಬೆನ್ನು ಒತ್ತಿಕೊಂಡು ನಿಂತು ಗಂಟಲಲ್ಲೇ ಒಂಥರಾ ಸದ್ದು ಮಾಡುತ್ತಿದ್ದ, ಬಾಗಿಲು ಅದುರುವುದು ಒಳಗೆ ಕೇಳುತ್ತಿತ್ತು. ಚಿರತೆಯಾದರೆ ಬಾಯೇ ಬಿಡುತ್ತಿರಲಿಲ್ಲ, ಹಿಂದಿನಿಂದ ಬಂದು ಸೌದೆ ಕೋಣೆ ಸೇರಿಕೊಳ್ಳುತ್ತಿದ್ದ. (ಅವನಿಗಿಂತ ಮುಂಚಿನ ನಾಯಿಯನ್ನು ಚಿರತೆಯೇ ಒಯ್ದಿತ್ತು. ತೋಟದ ಕಡೆಯವರಿಗೆ ಈ ಕತೆ ಹೊಸದಲ್ಲ.)

ಕೆಂಚ ಹೋದಮೇಲೆ ರಾತ್ರಿ ಹೊರಗೆ ಏನು ನಡೆಯುತ್ತಿದೆ ಅಂತ ತಿಳಿಯುವ ದಾರಿಯೇ ಇರಲಿಲ್ಲ. ಮೊದಲು ಸದ್ದಾದರೆ ಎಚ್ಚರ ಆಗುತ್ತಿದ್ದ ಅಮ್ಮನಿಗೆ ಸದ್ದಿಲ್ಲ ಅಂತ ಎಚ್ಚರ ಆಗತೊಡಗಿತು. ಅಪ್ಪ ಮಧ್ಯರಾತ್ರಿ ಎದ್ದು ಟಾರ್ಚ್ ಹಿಡಿದು ಜಗಲಿಗೆ ಹೋಗಿ ನಿಂತು ಬರುತ್ತಿದ್ದರು. ಕೇಳಿದರೆ "ಹಂದಿ ಬಂದಿದೆಯಾ ನೋಡಿದೆ" ಅನ್ನುವುದು. ಅಮ್ಮ ಎಷ್ಟೋ ದಿನ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕುತ್ತಿದ್ದಳು, ಬೇಕಂತ ಅಲ್ಲ, ಕೈ ಅಭ್ಯಾಸ. ಆಮೇಲೆ ಆ ಅನ್ನ ತೋಟದ ಕೆಲಸದವರ ಲೈನ್ ಮನೆಯ ಹತ್ತಿರ ಇದ್ದ ಒಂದು ಹೆಣ್ಣುನಾಯಿಗೆ ಹೋಗತೊಡಗಿತು. ನಾವು ಯಾರೂ ಅದನ್ನು ಮನೆಗೆ ಕರೆದದ್ದಲ್ಲ, ಅನ್ನಕ್ಕೆ ಒಂದು ಬಾಯಿ ಸಿಕ್ಕಿತು ಅಷ್ಟೇ, ಆದರೆ ಊಟ ಆದಮೇಲಿನ ಆ ಹತ್ತು ನಿಮಿಷ ಅಮ್ಮನಿಗೆ ಹಗುರ ಆಯ್ತು ಅಂತ ನನಗೆ ಕಾಣುತ್ತಿತ್ತು.

ಹಾಗಾಗಿ ನನ್ನ ಸಲಹೆ ಏನಪ್ಪಾ ಅಂದರೆ, ಮರೆಯುವುದು ಹೇಗೆ ಅಂತ ನೋಡಬೇಡಿ, ಆ ಹೊತ್ತುಗಳನ್ನು ಒಂದೊಂದಾಗಿ ನೋಡಿ. ಸಂಜೆ ಅವನ ಜೊತೆ ವಾಕ್ ಹೋಗುತ್ತಿದ್ದಿರಿ ಅಂತ ಬರೆದಿದ್ದೀರಿ. ಅದನ್ನು ಬಿಡಬೇಡಿ. ಮೊದಲೆರಡು ದಿನ ಕೈಯಲ್ಲಿ ಬೆಲ್ಟ್ ಇಲ್ಲದೆ ನಡೆಯುವುದು ವಿಚಿತ್ರ ಅನ್ನಿಸುತ್ತದೆ, ದಾರಿಯಲ್ಲಿ ಯಾರೋ "ಎಲ್ಲಿ ನಿಮ್ಮ ನಾಯಿ" ಅಂತ ಕೇಳಿಯೂ ಕೇಳುತ್ತಾರೆ. "ಹೋಯ್ತು" ಅಂತ ಹೇಳಿ. ಎರಡು ಮೂರು ಸಲ ಬಾಯಿಬಿಟ್ಟು ಹೇಳಿದ ಮೇಲೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ ಆಗುತ್ತದೆ. ಬೆಳಿಗ್ಗೆ ಹಿಂಬಾಗಿಲು ತೆಗೆಯುವ ಕೆಲಸ ಸ್ವಲ್ಪ ದಿನ ಬೇರೆಯವರು ಮಾಡಲಿ. ತಟ್ಟೆ, ಬೆಲ್ಟ್ ಕಣ್ಣೆದುರಿಗೆ ಬೇಡ ಅನ್ನಿಸಿದರೆ ಅಟ್ಟಕ್ಕೆ ಹಾಕಿ, ಬಿಸಾಡಬೇಡಿ, ಆರು ತಿಂಗಳು ಬಿಟ್ಟು ಹುಡುಕುತ್ತೀರಿ. ಉಳಿದ ಡ್ರಿಪ್ ಬಾಟಲಿ, ಒಡೆಯದ ಮಾತ್ರೆ, ಕಿಡ್ನಿಯ ಸ್ಪೆಷಲ್ ಆಹಾರದ ಪ್ಯಾಕೆಟ್ ಏನಾದರೂ ಇದ್ದರೆ ಡಾಕ್ಟರಿಗೆ ಕೊಟ್ಟುಬಿಡಿ. ಅದು ದುಬಾರಿ ಸಾಮಾನು, ಇನ್ನೊಂದು ಮನೆಯ ನಾಯಿಗೆ ಆಗುತ್ತದೆ.

ಕೈಲ್ ಮುಹೂರ್ತದ, ಅಂದರೆ ನಮ್ಮ ಕೊಡಗಿನ ಆಯುಧಪೂಜೆ ಹಬ್ಬದ, ದಿನಕ್ಕೆ ಮಾತ್ರ ಈಗಲೇ ತಯಾರಾಗಿರಿ. ಸೆಪ್ಟೆಂಬರ್ ದೂರ ಇಲ್ಲ. ಹಂದಿ ಸಾರು, ಕಡುಬು, ಮನೆ ತುಂಬಾ ಜನ, ಊಟ ಆದಮೇಲೆ ಎಲ್ಲರ ತಟ್ಟೆಯಲ್ಲಿ ಮೂಳೆ. ಅದನ್ನು ಒಟ್ಟು ಮಾಡುವಾಗ ಯಾರೋ ಒಬ್ಬರು ಅಭ್ಯಾಸಬಲದಿಂದ "ಬ್ರೂನೋ" ಅಂತ ಕರೆದೇ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಕೆಂಚನನ್ನು ಹಾಗೆ ಕರೆದದ್ದು ಚಿಕ್ಕಪ್ಪ, ಊರಿಗೆಲ್ಲ ಗಟ್ಟಿ ಮನುಷ್ಯ ಅಂತ ಹೆಸರಾದವರು, ಕರೆದವರೇ ಎದ್ದು ಕೈ ತೊಳೆಯಲು ಹೋದರು, ತುಂಬಾ ಹೊತ್ತು ಬರಲಿಲ್ಲ.

ಅಪ್ಪ ಮಾತೇ ಆಡುತ್ತಿಲ್ಲ ಅಂತ ಬರೆದಿದ್ದೀರಿ. ನಮ್ಮ ಕಡೆ ಆ ವಯಸ್ಸಿನ ಗಂಡಸರನ್ನು ಎದುರಿಗೆ ಕೂರಿಸಿಕೊಂಡು "ಬೇಜಾರಾ ಅಪ್ಪ" ಅಂದರೆ "ಏನಿಲ್ಲ" ಅಂತ ಎದ್ದು ತೋಟಕ್ಕೆ ಹೋಗುತ್ತಾರೆ. ಕೇಳಬೇಡಿ, ಕೆಲಸ ಕೊಡಿ. ಬ್ರೂನೋನನ್ನು ಮನೆ ಹಿಂದೆಯೇ ಹೂತಿದ್ದೀರಂತೆ, ಈ ಮಳೆಗೆ ಮಣ್ಣು ಕುಸಿದು ಗುಂಡಿ ಬಿದ್ದಿದೆ, ನೋಡಲಿಕ್ಕೆ ಆಗುತ್ತಿಲ್ಲ ಅಂದಿದ್ದೀರಿ. ಕುಸಿಯುವುದು ಸಹಜ, ಕೆಳಗೆ ಏನೋ ಆಗಿದೆ ಅಂತ ಕಲ್ಪನೆ ಮಾಡಿಕೊಳ್ಳಬೇಡಿ. ಅಗೆದ ಮಣ್ಣು ಸಡಿಲ ಇರುತ್ತದೆ, ನಮ್ಮ ಮಳೆಗೆ ಅದು ಕೂತೇ ಕೂರುತ್ತದೆ. ಅಪ್ಪನಿಗೆ ಹೇಳಿ ಎರಡು ಬುಟ್ಟಿ ಮಣ್ಣು ತುಂಬಿಸಿ, ಮೇಲೆ ದಪ್ಪ ಕಲ್ಲು ಒತ್ತೊತ್ತಾಗಿ ಇಡಿಸಿ. ಇದು ಬರೀ ಸಮಾಧಾನಕ್ಕೆ ಹೇಳುತ್ತಿರುವುದಲ್ಲ. ಹಂದಿ, ಬೀದಿನಾಯಿ ಬಂದು ಕೆದಕುವುದುಂಟು. ಇಂಜೆಕ್ಷನ್ ಕೊಟ್ಟು ಮಲಗಿಸಿದ ಪ್ರಾಣಿಯ ಮೈಯಲ್ಲಿ ಆ ಔಷಧಿ ಬಹಳ ಕಾಲ ಉಳಿಯುತ್ತದೆ, ತಿಂದ ಪ್ರಾಣಿಗೂ ಅಪಾಯ. ಮೂರು ನಾಲ್ಕು ಅಡಿಗಿಂತ ಕಡಿಮೆ ಆಳದಲ್ಲಿ ಹೂತಿದ್ದರಂತೂ ಕಲ್ಲು ಬೇಕೇ ಬೇಕು. ನೀವೂ ಒಂದು ಬುಟ್ಟಿ ಹಿಡಿದು ಜೊತೆಗೆ ಹೋಗಿ. ಮಣ್ಣು ಹಾಕುತ್ತಾ ಹಾಕುತ್ತಾ ಅವರೇ ಏನಾದರೂ ಮಾತು ತೆಗೆಯುತ್ತಾರೆ. ತೆಗೆಯದಿದ್ದರೂ ಪರವಾಗಿಲ್ಲ.

ಅಣ್ಣನ ಮಗಳಿಗೆ "ಬ್ರೂನೋ ಮೈಸೂರಿನ ಆಸ್ಪತ್ರೆಯಲ್ಲಿ ಇದ್ದಾನೆ" ಅಂತ ಹೇಳಿಟ್ಟಿದ್ದೀರಲ್ಲ, ಅದೊಂದನ್ನು ನಾನು ಒಪ್ಪಲ್ಲ. ಕೊಡಗಿನವರು ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಹೋಗುವುದೇ ಮೈಸೂರಿಗೆ. ನಾಳೆ ಅಜ್ಜಿಯನ್ನು ಕಣ್ಣಿನ ಆಪರೇಷನ್‌ಗೆ ಮೈಸೂರಿಗೆ ಕರೆದುಕೊಂಡು ಹೋದರೆ ಆ ಮಗು ಏನಂದುಕೊಳ್ಳಬೇಕು? ಆರು ವರ್ಷದ ಮಗುವಿಗೆ ಸತ್ತುಹೋದ ಅನ್ನುವ ಮಾತು ಅರ್ಥ ಆಗುತ್ತದೆ. "ಅವನಿಗೆ ವಯಸ್ಸಾಗಿತ್ತು, ಹೊಟ್ಟೆಯೊಳಗಿನ ಒಂದು ಭಾಗ ಕೆಟ್ಟಿತ್ತು, ಡಾಕ್ಟರಿಗೂ ಸರಿ ಮಾಡಲು ಆಗಲಿಲ್ಲ, ಸತ್ತುಹೋದ, ಇನ್ನು ಬರಲ್ಲ" ಅಂತ ಸೀದಾ ಹೇಳಿ. ನಿದ್ದೆ ಮಾಡುತ್ತಿದ್ದಾನೆ ಅಂತ ಹೇಳಬೇಡಿ, ರಾತ್ರಿ ಮಲಗಲು ಹೆದರುತ್ತಾಳೆ. ಅವಳು ಅಳುತ್ತಾಳೆ, ಅಳಲಿ. ಆಮೇಲೆ ಅರ್ಧ ಗಂಟೆಗೆ ಬಂದು ಬಿಸ್ಕತ್ತು ಕೇಳಿದರೆ ಇವಳಿಗೆ ಏನೂ ಅನ್ನಿಸಲೇ ಇಲ್ವಾ ಅಂದುಕೊಳ್ಳಬೇಡಿ, ಮಕ್ಕಳು ಹಾಗೇ.

ಎಷ್ಟು ದಿನ ಹೀಗೆ ಅಂದಿರಿ. ತಾರೀಖು ಹೇಳಲು ಬರಲ್ಲ. ಪೂರ್ತಿ ಹೋಗುವುದೂ ಇಲ್ಲ, ದೂರ ದೂರ ಆಗುತ್ತದೆ. ಆದರೆ ವಾರಗಟ್ಟಲೆ ಊಟ ನಿದ್ದೆ ಎರಡೂ ಕೆಟ್ಟು, ಕೆಲಸಕ್ಕೆ ಹೋಗಲೂ ಆಗದೆ, ಬದುಕಿ ಏನು ಅನ್ನುವ ಯೋಚನೆ ಬರುತ್ತಿದ್ದರೆ ಅದನ್ನು ನಾಯಿಯ ದುಃಖ ಅಂತ ತಳ್ಳಿಹಾಕಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾಯಿಗೋಸ್ಕರ ಫೋನ್ ಮಾಡಿದ್ದೀರಾ ಅಂತ ಅಲ್ಲಿ ಯಾರೂ ನಗುವುದಿಲ್ಲ.

ಇನ್ನು ಮರಿ ತರುವುದು. ನೆಂಟರು ಹೇಳಿದರು ಅಂತ ತರಬೇಡಿ, ತಂದರೆ ಬ್ರೂನೋಗೆ ಮೋಸ ಅಂತಲೂ ಅಂದುಕೊಳ್ಳಬೇಡಿ. ಮನೆಯಲ್ಲಿ ಎಲ್ಲರೂ ಒಪ್ಪುವವರೆಗೆ ಕಾಯಿರಿ, ಮುಖ್ಯವಾಗಿ ಅಪ್ಪ, ಯಾಕೆಂದರೆ ಕೊನೆಗೆ ಅದು ಅವರ ಕಾಲ ಬುಡದಲ್ಲೇ ಮಲಗುವುದು. ಈ ಮಳೆ ಮುಗಿಯಲಿ. ಜಿಟಿಜಿಟಿ ಮಳೆಯಲ್ಲಿ ಸಣ್ಣ ಮರಿಯ ಮೈ ಒಣಗಿಸುವುದೇ ಒಂದು ಕೆಲಸ, ಜೊತೆಗೆ ಜಿಗಣೆ ಬೇರೆ. ಯಾವಾಗ ತಂದರೂ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ತಪ್ಪಿಸಬೇಡಿ. ರಕ್ತ ಹೀರುವ ಉಣ್ಣಿಗೆ ಔಷಧಿ ಮೊದಲಿನಿಂದಲೇ ಶುರು ಮಾಡಿ, ನಮ್ಮ ತೋಟದ ನಾಯಿಗಳನ್ನು ಉಣ್ಣಿಜ್ವರ ಎಷ್ಟು ಕಾಡುತ್ತದೆ ಅಂತ ನಿಮಗೇ ಗೊತ್ತು. ಲ್ಯಾಬ್ರಡಾರೇ ಬೇಕಾ ನಾಟಿ ಮರಿ ಸಾಕಾ ಅಂತ ಕೇಳಿದ್ದೀರಿ, ನನ್ನನ್ನು ಕೇಳಿದರೆ ನಾನು ನಾಟಿ ಅಂತಲೇ ಹೇಳುವವನು, ನಮ್ಮ ಹವೆಗೆ ಅದೇ ಸರಿ. ಯಾವುದನ್ನೇ ತನ್ನಿ, ಹೆಸರು ಮಾತ್ರ ಮತ್ತೆ ಬ್ರೂನೋ ಅಂತ ಇಡಬೇಡಿ. ದಿನಾ ಹಳೆಯವನ ಜೊತೆ ಹೋಲಿಸಿ ಬೈಸಿಕೊಳ್ಳುವ ಕರ್ಮ ಆ ಮರಿಗೆ ಯಾಕೆ ಪಾಪ.